ಗುಜರಿಗೂ ಒಂದು ಲೆಕ್ಕವಿದೆ

ಗುರುಗುಂಟಾದ ಓಣಿಗೆ ಹಳೆ ಕಬ್ಬಿಣ ಕೊಳ್ಳುವ ಗಾಡಿ ಬಂದರೆ ಮುರಿದ ಕುಂಟೆ, ಸವೆದ ಕುಡ, ತುಕ್ಕು ಹಿಡಿದ ಪೈಪು ತಕ್ಕಡಿ ಏರುತ್ತವೆ. ಕಿಲೋ ಲೆಕ್ಕದಲ್ಲಿ ನಗದು ಕೈಗೆ ಬಂದರೆ ಮಾತು ಮುಗಿಯಿತು. ಐಟಿಐನಲ್ಲಿ ವೆಲ್ಡಿಂಗ್ ಕಲಿತು ಕೆಲಸ ಹುಡುಕುತ್ತಿರುವ ನನಗೆ ಆ ರಾಶಿಯಲ್ಲಿ ಕುದುರೆಯ ಕಾಲು, ನವಿಲಿನ ಗರಿ ಕಾಣುತ್ತವೆ. ಇದು ಬರೀ ಹುಚ್ಚು ಕಲ್ಪನೆಯಲ್ಲ. 2019ರಲ್ಲಿ ದೆಹಲಿಯಲ್ಲಿ ಆರಂಭವಾದ ‘ವೇಸ್ಟ್ ಟು ವಂಡರ್’ ಉದ್ಯಾನದಲ್ಲಿ ಜಗತ್ತಿನ ಏಳು ಅದ್ಭುತಗಳ ಪ್ರತಿಕೃತಿಗಳು ಗುಜರಿ ಲೋಹದಲ್ಲೇ ನಿಂತಿವೆ.

ನೋಡಲು ಚೆಂದ, ಸರಿ. ಆದರೆ ಬಿಸಾಡಿದ ವಸ್ತುವಿನಿಂದ ಮಾಡಿದ ಶಿಲ್ಪ ಆದಿವಾಸಿಗಳ ಬದುಕಿಗೆ ಆಸರೆಯಾಗಬಲ್ಲದೇ? ನಮ್ಮ ಕಣ್ಣೆದುರಿನ ಎರಡು ಉದಾಹರಣೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಮೊದಲನೆಯದು ಗುಜರಾತಿನದು. ಸರ್ದಾರ್ ಪಟೇಲರ ಪ್ರತಿಮೆಗಾಗಿ 2013ರಲ್ಲಿ ದೇಶದ ರೈತರಿಂದ ಹಳೆಯ ಕೃಷಿ ಉಪಕರಣಗಳ ಕಬ್ಬಿಣ ಸಂಗ್ರಹಿಸುವ ಅಭಿಯಾನ ಶುರುವಾಯಿತು. 182 ಮೀಟರ್ ಎತ್ತರದ ಪ್ರತಿಮೆ 2018ರ ಅಕ್ಟೋಬರ್ 31ರಂದು ಅನಾವರಣಗೊಂಡಿತು. ಅದೇ ದಿನ ಸುತ್ತಲಿನ ಹಳ್ಳಿಗಳ ಆದಿವಾಸಿಗಳು ಕಳೆದುಕೊಂಡ ಜಮೀನು ಮತ್ತು ಪುನರ್ವಸತಿಯ ಪ್ರಶ್ನೆ ಎತ್ತಿ ಪ್ರತಿಭಟಿಸಿದರು. ಕಬ್ಬಿಣ ಊರೂರಿನಿಂದ ಬಂತು; ಆ ಊರಿನವರ ಅಹವಾಲು ಹೊರಗೇ ಉಳಿಯಿತು.

ಎರಡನೆಯದು ನಮ್ಮದೇ ರಾಜ್ಯದ ಮಲೆ ಮಹದೇಶ್ವರ ಬೆಟ್ಟದ್ದು. ಇಲ್ಲಿನ ಗುಜರಿ ಲೋಹವಲ್ಲ, ಲಂಟಾನ ಎಂಬ ಕಳೆ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಬಂದ ಈ ಗಿಡ ಕಾಡನ್ನೇ ನುಂಗುತ್ತಿದೆ. ಸೋಲಿಗರು ಮತ್ತು ನೀಲಗಿರಿಯ ಬೆಟ್ಟ ಕುರುಬ, ಪಣಿಯ ಮುಂತಾದ ಸಮುದಾಯದವರು ಅದನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ನಿಜ ಗಾತ್ರದ ಆನೆಗಳನ್ನು ಹೆಣೆಯುತ್ತಾರೆ. ಇಂಥ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನಿಂತವು. ಅದೇ ವರ್ಷ ಅಮೆರಿಕ ಪ್ರವಾಸಕ್ಕೂ ಹೊರಟವು. ಕಳೆ ತಗ್ಗಿತು, ಕಾಡಿನ ಜನರಿಗೆ ಕೂಲಿ ಸಿಕ್ಕಿತು, ಮಾರಾಟದ ಹಣ ಮನುಷ್ಯ–ವನ್ಯಜೀವಿ ಸಹಬಾಳ್ವೆಯ ಕೆಲಸಕ್ಕೆ ಹೋಯಿತು.

ಹಾಗೆಂದು ಇಲ್ಲಿಗೇ ಚಪ್ಪಾಳೆ ತಟ್ಟಿ ಏಳುವಂತಿಲ್ಲ. ತರಗು ಬೆಂಕಿ ಹಾಕುವ ತಮ್ಮ ಪದ್ಧತಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಅವರ ಆನೆಯನ್ನು ಮೆಚ್ಚಿದ ನಾವು ಅವರ ಈ ಮಾತನ್ನು ಎಷ್ಟು ಕೇಳಿದ್ದೇವೆ? 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಶಿಲ್ಪದಿಂದ ಬಂದದ್ದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮತ್ತು ಸಂಘಟಿತ ಹೋರಾಟದಿಂದ ಬಂದದ್ದು. ಮಲೆ ಮಹದೇಶ್ವರ ವನ್ಯಧಾಮವನ್ನೂ ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವದ ಬಗ್ಗೆ ಅಲ್ಲಿನವರಿಗೆ ಆತಂಕವಿದೆ. ಶಿಲ್ಪ ಜನರ ಗಮನ ಸೆಳೆಯಬಲ್ಲದು. ಹಕ್ಕುಪತ್ರ ಬರೆದುಕೊಡಬೇಕಾದದ್ದು ಸರ್ಕಾರವೇ.

ಇದು ದೂರದ ಊರಿನ ಸುದ್ದಿ ಎನ್ನುವಂತಿಲ್ಲ. ಗುರುಗುಂಟಾ ನಾಯಕ ಅರಸರ ಸಂಸ್ಥಾನವಾಗಿದ್ದ ಊರು. ಉದ್ಯೋಗದ ಅರ್ಜಿಯಲ್ಲಿ ನಮ್ಮಲ್ಲಿ ಅನೇಕರು ‘ಪರಿಶಿಷ್ಟ ಪಂಗಡ’ ಎಂದು ಬರೆಯುತ್ತೇವೆ, ನಾನೂ ಬರೆಯುತ್ತೇನೆ. ಸೋಲಿಗರ ಹುಡುಗ ತುಂಬುವುದೂ ಅದೇ ಕಾಲಂ. 2022ರಲ್ಲಿ ಈ ಮೀಸಲಾತಿ ಶೇ 3ರಿಂದ ಶೇ 7ಕ್ಕೆ ಏರಿದಾಗ ನಾವು ಸಂಭ್ರಮಿಸಿದೆವು. ಸಂಖ್ಯೆಯಲ್ಲಿ ಕಡಿಮೆ ಇರುವ ಕಾಡಿನ ಸಮುದಾಯಗಳಿಗೆ ಅದರಲ್ಲಿ ಎಷ್ಟು ತಲುಪಿತು ಎಂದು ಕೇಳುವ ಹೊಣೆಯೂ ನಮ್ಮ ಮೇಲಿದೆ.

ನಮ್ಮಲ್ಲೂ ಕೈಕೆಲಸ ಕಲಿತವರಿದ್ದಾರೆ, ಗುಜರಿಗೂ ಬರವಿಲ್ಲ. ನಾಳೆ ನಮ್ಮ ವೃತ್ತದಲ್ಲೊಂದು ಪ್ರತಿಮೆ, ಶಾಲೆಯ ಅಂಗಳದಲ್ಲೊಂದು ಶಿಲ್ಪ ನಿಲ್ಲಿಸುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಕೆಲಸ ಯಾರಿಗೆ, ಕೂಲಿ ಎಷ್ಟು, ಫಲಕದಲ್ಲಿ ಹೆಸರು ಯಾರದು? ಗುಜರಿಯವನು ಕೂಡ ತೂಕ ಹಾಕದೆ ಹಣ ಕೊಡುವುದಿಲ್ಲ. ನಾವು ಲೆಕ್ಕ ಕೇಳದೆ ಚಪ್ಪಾಳೆ ತಟ್ಟುವುದೇಕೆ?