ಮದುವೆಗೆ ಮೊದಲು ಒಂದು ಚುಚ್ಚುಮದ್ದು

ಪ್ರಶ್ನೆ: ಮಗಳಿಗೆ 27 ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ. ಅಲ್ಲಿ ಇಬ್ಬರು ಹುಡುಗಿಯರಿಗೆ ಜ್ವರ ಬಂದು ಮೈತುಂಬಾ ಗುಳ್ಳೆ ಎದ್ದಿದೆಯಂತೆ. ನಾಲ್ಕು ತಿಂಗಳಲ್ಲಿ ಇವಳ ಮದುವೆ. ‘ಚಿಕ್ಕಂದಿನಲ್ಲೇ ಎಲ್ಲಾ ಚುಚ್ಚುಮದ್ದು ಆಗಿದೆಯಲ್ಲ, ಹೆದರಬೇಡಿ’ ಅಂತಾರೆ ನೆರೆಯವರು. ಹೌದೇ ಮೇಡಂ?
– ಒಬ್ಬ ತಾಯಿ, ಮುಂಡಾಜೆ

ಉತ್ತರ: ಹೆದರುವುದು ಬೇಡ, ಆದರೆ ‘ಎಲ್ಲಾ ಆಗಿದೆ’ ಎಂಬ ಮಾತು ಪೂರ್ತಿ ನಿಜವಲ್ಲ. ನಿಮ್ಮ ಮಗಳ ವಯಸ್ಸಿನವರಿಗೆ ಚಿಕ್ಕಂದಿನಲ್ಲಿ ಸರಕಾರದ ಲೆಕ್ಕದಲ್ಲಿ ಸಿಕ್ಕಿದ್ದು ದಡಾರದ ಒಂದೇ ಚುಚ್ಚುಮದ್ದು. ಎರಡನೆಯದು ಶುರುವಾದದ್ದು 2010ರಲ್ಲಿ. ರುಬೆಲ್ಲಾ ಲಸಿಕೆ ಕರ್ನಾಟಕದ ಶಾಲೆಗಳಿಗೆ ಬಂದದ್ದು 2017ರ ಫೆಬ್ರುವರಿಯಲ್ಲಿ. ಅದೂ 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಆಗಲೇ 15 ದಾಟಿದ್ದ ನಿಮ್ಮ ಮಗಳಂಥವರು ಹೊರಗೇ ಉಳಿದರು. ಸೀತಾಳ ಸಿಡುಬಿನ ಲಸಿಕೆಯಂತೂ ಸರಕಾರಿ ಪಟ್ಟಿಯಲ್ಲೇ ಇರಲಿಲ್ಲ. ದುಡ್ಡು ಕೊಟ್ಟು ಹಾಕಿಸಿದವರಿಗಷ್ಟೇ ಸಿಕ್ಕಿತು. ಹೀಗಿರುವಾಗ ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಕಡೆ ಇಂಥ ಕಾಯಿಲೆ ಹಬ್ಬುವುದರಲ್ಲಿ ಆಶ್ಚರ್ಯವೇನು?

ನಮ್ಮಲ್ಲಿ ಮೈಮೇಲೆ ಏನೆದ್ದರೂ ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ತರುತ್ತೇವೆ, ಡಾಕ್ಟರಲ್ಲಿ ಹೋಗುವುದಿಲ್ಲ. ನೀರು ತುಂಬಿದ ಗುಳ್ಳೆಯಾದರೆ ಸಾಮಾನ್ಯವಾಗಿ ಸೀತಾಳ ಸಿಡುಬು. ಕೆಮ್ಮು, ನೆಗಡಿ, ಕೆಂಗಣ್ಣಿನ ಜೊತೆ ಕೆಂಪು ದದ್ದು ಬಂದರೆ ದಡಾರ ಇರಬಹುದು. ದೊಡ್ಡವರಿಗೆ ಇವೆರಡೂ ನ್ಯುಮೋನಿಯಾಕ್ಕೆ ತಿರುಗಬಹುದು. ರುಬೆಲ್ಲಾ ಮಾತ್ರ ಬಂದದ್ದೇ ತಿಳಿಯದಂತೆ ಹೋಗುತ್ತದೆ. ಆದರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಗರ್ಭಪಾತವೂ ಆಗಬಹುದು.

ಹಾಗಾಗಿ ಮದುವೆಯ ಸೀರೆ, ಒಡವೆಯ ಪಟ್ಟಿಗೆ ಇದನ್ನೂ ಸೇರಿಸಿ. ಹಳೆಯ ಲಸಿಕೆ ಕಾರ್ಡು ಹುಡುಕಿ. ಸಿಗದಿದ್ದರೂ ಪರವಾಗಿಲ್ಲ, ಇನ್ನೊಮ್ಮೆ ಹಾಕಿಸಿಕೊಂಡರೆ ತೊಂದರೆಯಿಲ್ಲ. ಎಂ.ಎಂ.ಆರ್. ಬಗ್ಗೆ ಈಗಲೇ ಡಾಕ್ಟರಲ್ಲಿ ಕೇಳಿ. ಸಿಡುಬು ಬಾರದವಳಾದರೆ ಅದರ ಲಸಿಕೆಯನ್ನೂ ವಿಚಾರಿಸಿ, ಅದಕ್ಕೆ ಎರಡು ಡೋಸ್ ಬೇಕು. ನೆನಪಿರಲಿ: ಬಸುರಿಯರಿಗೆ ಈ ಲಸಿಕೆಗಳು ಸಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ನಿಮಗಿನ್ನೂ ನಾಲ್ಕು ತಿಂಗಳಿದೆ, ಅದೇ ಸಮಾಧಾನ.

ಕಾಯಿಲೆ ಬಂದೇಬಿಟ್ಟರೆ ಮಗಳನ್ನು ಬಸ್ಸು ಹತ್ತಿಸಿ ಊರಿಗೆ ಕರೆಸಬೇಡಿ. ಪಕ್ಕದ ಸೀಟಿನಲ್ಲಿ ಯಾರ ಮನೆಯ ಬಸುರಿ ಕೂತಿರುತ್ತಾಳೋ ಯಾರಿಗೆ ಗೊತ್ತು? ಅಲ್ಲಿಯೇ ಡಾಕ್ಟರಿಗೆ ತೋರಿಸಿ, ಬೇರೆ ಕೋಣೆಯಲ್ಲಿ ಇರಲಿ. ಸಿಡುಬಾದರೆ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ, ದಡಾರವಾದರೆ ದದ್ದು ಎದ್ದು ನಾಲ್ಕು ದಿನ ಕಳೆಯುವವರೆಗೆ. ಮಗಳ ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಈ ಎಚ್ಚರಿಕೆಯ ಬೆಲೆ ನಿಮಗೇ ತಿಳಿಯುತ್ತದೆ.