ಮಗಳ ಪೌರತ್ವ: ಸಹಿಗೆ ಮುನ್ನ

ಅಮೆರಿಕದ ಪೌರನನ್ನು ವಿವಾಹವಾದ ಹೆಣ್ಣು ಅಲ್ಲಿನ ಪೌರತ್ವ ಕೋರಲು ಗ್ರೀನ್ ಕಾರ್ಡ್ ಪಡೆದು ಸಾಮಾನ್ಯವಾಗಿ 3 ವರ್ಷ ಅಲ್ಲಿ ವಾಸವಾಗಿರಬೇಕು. ಪತಿಯು ಅಮೆರಿಕ ಸರಕಾರದ ಅಥವಾ ವಿದೇಶ ವ್ಯಾಪಾರ ನಡೆಸುವ ಅಮೆರಿಕನ್ ಕಂಪೆನಿಯ ನೌಕರನಾಗಿ ಕನಿಷ್ಠ 1 ವರ್ಷದ ಅವಧಿಗೆ ಹೊರದೇಶದಲ್ಲಿ ನಿಯುಕ್ತನಾಗಿದ್ದರೆ ವಾಸದ ಈ ಷರತ್ತು ಅನ್ವಯಿಸದು. ಅಲ್ಲಿನ 1952ರ ವಲಸೆ ಕಾನೂನಿನ 319(ಬಿ) ಕಲಮು ನೀಡುವ ರಿಯಾಯಿತಿಯಿದು. ಗ್ರೀನ್ ಕಾರ್ಡ್ ಮಾತ್ರ ಬೇಕೇ ಬೇಕು. ಇಂಗ್ಲಿಷ್ ಹಾಗೂ ನಾಗರಿಕ ಜ್ಞಾನದ ಪರೀಕ್ಷೆಯೂ ತಪ್ಪದು.

ದುಬೈಯಲ್ಲೋ ರಿಯಾದ್‌ನಲ್ಲೋ ಇಂತಹ ನೌಕರಿಯಲ್ಲಿರುವ ಅಳಿಯ ಸಿಕ್ಕಿದರೆ ನಾವು ಸಂಭ್ರಮಿಸುತ್ತೇವೆ. ಮಗಳನ್ನು ಕೇಳುತ್ತೇವೆಯೇ? ಭಾರತದ 1955ರ ಪೌರತ್ವ ಕಾಯಿದೆಯ 9ನೇ ಕಲಮಿನಂತೆ, ಅನ್ಯದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದೊಡನೆ ಆಕೆ ಭಾರತೀಯಳಾಗಿ ಉಳಿಯುವುದಿಲ್ಲ. ಓಸಿಐ ಕಾರ್ಡು ತವರಿಗೆ ಬಂದುಹೋಗಲು ಅನುಕೂಲವೇ ಸರಿ. ಆದರೆ ಅದರಿಂದ ಮತದಾನದ ಹಕ್ಕು ಬಾರದು, ಕೃಷಿಭೂಮಿ ಕೊಳ್ಳಲಾಗದು.

ಇನ್ನೊಂದು ವಿಷಯ. ಪ್ರಮಾಣವಚನಕ್ಕೆ ಮೊದಲೇ ದಾಂಪತ್ಯ ಮುರಿದರೆ ಈ ದಾರಿ ಮುಚ್ಚುತ್ತದೆ. ಪ್ರಮಾಣದ ಬಳಿಕವಾದರೋ ಪೌರತ್ವ ಆಕೆಯ ಸ್ವಂತದ್ದು. ನಿಜವಾದ ವಿವಾಹದಿಂದ ದೊರೆತ ಅದನ್ನು ನಂತರದ ತಲಾಖ್ ಕಸಿಯಲಾರದು. ಬೀಗರ ಮನೆಯ ಮಾತುಕತೆಯಲ್ಲಿ ಈ ವಿಷಯ ಪ್ರಸ್ತಾಪವಾದುದನ್ನು ನಾವಂತೂ ಕೇಳಿಲ್ಲ.

ಪತಿಯ ವಿದೇಶ ನೌಕರಿ ಮುಗಿದ ಕೂಡಲೇ ಅಮೆರಿಕದಲ್ಲೇ ನೆಲೆಸುವ ಇರಾದೆಯನ್ನು ಅರ್ಜಿದಾರಳು ಘೋಷಿಸಬೇಕಾಗುತ್ತದೆ. ಊರಿನಲ್ಲಿ ಮನೆಗೆ ಅಡಿಪಾಯ ಹಾಕಿಸಿ, ನಾಲ್ಕು ವರ್ಷದಲ್ಲಿ ಮರಳುತ್ತೇವೆಂದು ತಾಯಿಗೆ ಮಾತು ಕೊಟ್ಟವಳು ಆ ಘೋಷಣೆಗೆ ಹೇಗೆ ಸಹಿ ಹಾಕಿಯಾಳು?