ಕೀಲಿಕೈಯ ಗುರುತು

ಯುದ್ಧದಾಟದ ಪುಟಾಣಿ ಟ್ಯಾಂಕುಗಳಿಗೆ ಬಣ್ಣ ಬಳಿಯುವವರ ಸತ್ಯನಿಷ್ಠೆ ದೊಡ್ಡದು. ಜರ್ಮನ್ ಟ್ಯಾಂಕುಗಳ ಬೂದುಬಣ್ಣ 1943ರ ಫೆಬ್ರವರಿಯ ಆದೇಶದಿಂದ ಕಡುಹಳದಿಗೆ ತಿರುಗಿತೆಂಬುದು ಅವರಿಗೆ ಬಾಯಿಪಾಠ. ಸ್ಪಂಜಿನ ಚೂರನ್ನು ಕಂದುಬಣ್ಣದಲ್ಲಿ ಅದ್ದಿ ಅಂಚಿಗೆ ಒತ್ತಿದರೆ ಬಣ್ಣ ಕಿತ್ತುಹೋದ ಗುರುತು ಮೂಡುತ್ತದೆ. ತೆಳುಮಾಡಿದ ಎಣ್ಣೆಬಣ್ಣ ಸಂದಿಗಳಿಗೆ ಇಳಿದು ಕೊಳೆಯಾಗುತ್ತದೆ. ಚಕ್ರಗಳ ಧೂಳಿಗೆ ಬಣ್ಣದ ಪುಡಿ. ಕೆಲವೇ ತಿಂಗಳು ಬಾಳಿದ ಟ್ಯಾಂಕಿಗೆ ಅಷ್ಟೊಂದು ತುಕ್ಕು ಎಲ್ಲಿಂದ ಬಂತು, ಹೊಗೆಕೊಳವೆಗೆ ಹಚ್ಚಿದರೆ ಸಾಲದೇ ಎಂದು ಜಗಳವೂ ಆಡುತ್ತಾರೆ. (ಈ ಜಗಳದಲ್ಲಿ ನಾನು ಕಡಿಮೆ ತುಕ್ಕಿನ ಪಕ್ಷ.)

ಇಷ್ಟಾದ ಮೇಲೆ ಚಿಮುಟದಲ್ಲಿ ಹಿಡಿದು ಒಂದು ಕೀಲಿಕೈಯ ಚಿತ್ರವನ್ನು ಅಂಟಿಸುತ್ತಾರೆ. ಅದು ಲೈಬ್‌ಸ್ಟಾಂಡಾರ್ಟೆ ಎಂಬ ಎಸ್‌ಎಸ್ ಪಡೆಯ ಲಾಂಛನ. ಅದರ ದಳಪತಿಯ ಹೆಸರು ಡೀಟ್ರಿಚ್; ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಳ್ಳಕೀಲಿ ಎಂಬ ಅರ್ಥವೂ ಇದೆ. 1943ರ ಸೆಪ್ಟೆಂಬರ್ 19ರಂದು ಇಟಲಿಯ ಬೋವೆಸ್‌ನಲ್ಲಿ ಮನೆಗಳನ್ನು ಸುಟ್ಟು, ಊರಿನ ಪಾದ್ರಿಯೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ನಾಗರಿಕರನ್ನು ಕೊಂದದ್ದು ಇದೇ ಪಡೆಯವರು.

‘ನಮಗೆ ರಾಜಕೀಯ ಬೇಡ, ಚರಿತ್ರೆ ಸಾಕು’ ಎನ್ನುತ್ತಾರೆ. ಕೆಸರು ಚರಿತ್ರೆ, ಹೊಗೆಯ ಮಸಿ ಚರಿತ್ರೆ, ಬೋವೆಸ್ ಮಾತ್ರ ರಾಜಕೀಯವೇ? ಜರ್ಮನ್ ಟ್ಯಾಂಕು ಮಾಡಲೇಬೇಡಿ ಎನ್ನುತ್ತಿಲ್ಲ. ಆಟಕ್ಕೆ ಎದುರು ಪಕ್ಷ ಬೇಕೇ ಬೇಕು. ಆದರೆ ಪ್ರದರ್ಶನದ ಮೇಜಿನ ಮೇಲಿಡುವ ಚೀಟಿಯಲ್ಲಿ ಬಣ್ಣದ ಹೆಸರು, ಇಸವಿ, ಪಡೆಯ ಹೆಸರು ಎಲ್ಲ ಬರೆಯುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಹಿಡಿಸುತ್ತದೆ. ಆ ಊರಿನ ಹೆಸರನ್ನೂ ಬರೆಯಿರಿ.